ಹೆದರುತ್ತಲೇ ಜೀಪು ಹತ್ತಿದವರು

ಹೆದರಿದಾಗಲೆಲ್ಲ ಅವ್ವಾರ ಬಲಗೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಬೆಳ್ಳಿಯ ಆ ಕರಡಿಗೆ ಒಂದು ಬದಿ ಸವೆದೇ ಹೋಗಿತ್ತು. ಹಲ್ಲಿಗೆ ಹೆದರುವರು, ಗುಡುಗಿಗೆ ಹೆದರುವರು, ಕುಕ್ಕರ್ ಕೂಗಿದರೆ ಅಂಗಳಕ್ಕೆ ಬರುವರು. ಬೀದಿಯಲ್ಲಿ ಪೊಲೀಸ್ ಜೀಪು ಕಂಡರಂತೂ ಕದ ಹಾಕಿಕೊಳ್ಳುವರು.

ರಾಣೇಬೆನ್ನೂರಿನಲ್ಲಿ ಅವರ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ನಾನು ಹಾವೇರಿಯ ಆಸ್ಪತ್ರೆಯಲ್ಲಿ ನರ್ಸ್. ನಾವು ಕ್ರೈಸ್ತರೆಂದು ಮೊದಲ ದಿನವೇ ಹೇಳಿದ್ದೆ. "ಆಗ್ಲಿ ತಗೋರಿ. ಹಾಡೂದಾದ್ರ ಸಣ್ಣ ದನೀಲೆ ಹಾಡ್ರಿ, ಮಧ್ಯಾಹ್ನ ನಾ ಮಲಗತೇನಿ" ಎಂದಿದ್ದರು.

ಒಂದು ಭಾನುವಾರ ಬೆಳಿಗ್ಗೆ ಪರಿಚಯದವರೊಂದಿಗೆ ಪ್ರಾರ್ಥಿಸುತ್ತಿದ್ದಾಗ ಯಾರೋ ಬಾಗಿಲು ಒದ್ದರು. ಹುಡುಗರ ಗುಂಪು, ಮುಖಕ್ಕೆ ಹಿಡಿದ ಮೊಬೈಲುಗಳು. "ಮತಾಂತರ ಮಾಡಾಕತ್ತೀರೇನ್?" ಮಗಳು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು.

ಪೂಜೆಗೆ ಕೂತಿದ್ದ ಅವ್ವಾರು ಹಸಿ ವಿಭೂತಿಯಲ್ಲೇ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು.

"ಪಕ್ಕಕ್ಕ ಸರೀರಿ ಅವ್ವಾರ. ಇವರು ನಮ್ಮ ಮಂದೀನ ಕೆಡಸಾಕತ್ತಾರ" ಎಂದ ಒಬ್ಬ.

"ನಾನೂ ಇದ ಮನ್ಯಾಗ ಅದೇನಿ ನೋಡಪಾ. ನನ್ನ ಯಾರೂ ಕೆಡಿಸಿಲ್ಲ." ಹೇಳುವಾಗ ಅವರ ಬಲಗೈ ಕರಡಿಗೆಯನ್ನು ಹಿಡಿದಿತ್ತು.

ಪೊಲೀಸರು ಬಂದು ವಿಚಾರಣೆಗೆಂದು ನಮ್ಮನ್ನೇ ಜೀಪು ಹತ್ತಿಸಿದರು. ಯಾರೂ ಕರೆಯದಿದ್ದರೂ ಅವ್ವಾರು ಹತ್ತಿ ನನ್ನ ಪಕ್ಕ ಕೂತರು.

ಠಾಣೆಯಲ್ಲಿ ಅಧಿಕಾರಿ ಮೆತ್ತಗೇ ಹೇಳಿದರು: "ಸ್ವಲ್ಪ ದಿನ ಪ್ರಾರ್ಥನಾ ನಿಲ್ಲಸ್ರಿ. ಸುಮ್ನ ಗದ್ದಲ ಯಾಕ?"

"ಮನ್ಯಾಗ ದೇವರನ್ನ ನೆನೀಬಾರದು ಅಂತ ಕಾಯ್ದೆ ಐತೇನ್ರಿ ಸಾಹೇಬರ?" ಅವ್ವಾರು ಕೇಳಿದರು.

"ಇಲ್ಲವ್ವಾ. ಸಂವಿಧಾನದಾಗ ಎಲ್ಲಾರಿಗೂ ಹಕ್ಕೈತಿ. ಆದ್ರ..."

"ಹಂಗಾದ್ರ ಆ ಮಾತು ಬಾಗಲಾ ಒದ್ದವರಿಗೆ ಹೇಳ್ರಿ. ಕುಂತಿದ್ದವರನ್ನ ಯಾಕ ಎಬ್ಬಿಸಿಕೊಂಡ ಬಂದ್ರಿ?"

ಅಧಿಕಾರಿ ನಮ್ಮನ್ನು ಮನೆಗೆ ಕಳಿಸಿದರು. ಮನೆ ಮುಟ್ಟಿದ ಮೇಲೆ ಅವ್ವಾರು ಗಟಾರದ ಬದಿ ಕೂತು ವಾಂತಿ ಮಾಡಿಕೊಂಡರು. ಬೆನ್ನು ಸವರಿ ನೀರು ಕೊಟ್ಟೆ.

ಸುದ್ದಿ ತಿಳಿದು ಬ್ಯಾಡಗಿಯಿಂದ ಅವರ ತಮ್ಮ ಓಡಿಬಂದ. "ಇವರಿಂದ ಮನಿ ಬಿಡಸಕ್ಕಾ. ನಿನಗ್ಯಾಕ ಬೇಕು ಈ ಹೆದರಿಕಿ?"

"ಇವರು ಹೋದ್ರ ಹೆದರಿಕಿ ಹೋಗತೈತೇನೋ? ಇವತ್ತು ಇವರ ಪ್ರಾರ್ಥನಾ ಅಂದ್ರು. ನಾಳೆ ನನ್ನ ಪೂಜಾನೂ ಹಿಂಗಲ್ಲ ಹಂಗ ಮಾಡು ಅಂದ್ರ ಯಾರ ಬರ್ತಾರ?"

ಆಮೇಲಿನ ಭಾನುವಾರಗಳಲ್ಲಿ ನಾವು ಬಾಗಿಲು ತೆರೆದಿಟ್ಟೇ ಪ್ರಾರ್ಥಿಸಿದೆವು. ಅವ್ವಾರು ಹೊಸ್ತಿಲ ಬಳಿ ಅಕ್ಕಿ ಆರಿಸುತ್ತ ಕೂರುವರು. ಬೈಕಿನ ಸದ್ದಾದರೆ ಅವರ ಬೆರಳು ನಿಲ್ಲುತ್ತಿತ್ತು. ಒಳಗೆ ನಮ್ಮ ಹಾಡೂ ತಡವರಿಸುತ್ತಿತ್ತು. ಸದ್ದು ದೂರಾದ ಮೇಲೆ, "ಹೋದ್ರು, ಹಾಡ್ರಿ" ಎನ್ನುವರು.

ಹೋದ ವರ್ಷ ಅವ್ವಾರು ಎದೆನೋವಿನಿಂದ ತೀರಿಕೊಂಡರು. ಕದರಮಂಡಲಗಿ ಹತ್ತಿರದ ಅವರ ಹೊಲದಲ್ಲಿ ಮಣ್ಣು ಮಾಡಿದರು. ಹೆಂಗಸರ ಹಿಂದೆ ನಿಂತು ನಾನೂ ಹಿಡಿ ಮಣ್ಣು ಹಾಕಿದೆ. ತಿಂಗಳೊಳಗೆ ಅವರ ತಮ್ಮ ನಮ್ಮಿಂದ ಮನೆ ಖಾಲಿ ಮಾಡಿಸಿದ.

ಈಗ ಹಾವೇರಿಯಲ್ಲಿದ್ದೇವೆ. ಭಾನುವಾರ ಕಿಟಕಿ ಮುಚ್ಚಿ, ತುಟಿಯಲ್ಲೇ ಹಾಡಿಕೊಳ್ಳುತ್ತೇವೆ. ಹೊಸ ಮನೆಯ ಮಾಲೀಕರು ಒಳ್ಳೆಯವರೇ ಇರಬಹುದು. ನಾವು ಕ್ರೈಸ್ತರೆಂದು ಹೇಳಿ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ.