ಐದನೆಯ ಹೂವು

ಕುಳ್ಳಯ್ಯನ ಎರಡೂ ಮೊಣಕಾಲುಗಳನ್ನು ಒನಕೆಯಿಂದ ಜಜ್ಜಿದ್ದು ಒಂದೇ ಒಂದು ಹೂವಿನ ಮಾತಿಗೆ. ಅದು ೧೯೫೧. ಬೆಟ್ಟದಪುರದ ಕಡೆಯ ನಮ್ಮೂರಿನಲ್ಲಿ ಕಳವಿನ ಅನುಮಾನ ಬಂದರೆ ವೀರಭದ್ರನ ಗುಡಿಯಲ್ಲಿ ಹೂ ಕೇಳುತ್ತಿದ್ದರು. ದೇವರ ತಲೆಯ ಎರಡು ಪಕ್ಕಕ್ಕೂ ಒದ್ದೆ ಹೂವು ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದಾದರೆ ಅಲ್ಲ. ಎತ್ತು ಕದ್ದವನು ಕುಳ್ಳಯ್ಯನೇ ಎಂದು ಕೇಳಿದಾಗ ಬಲಕ್ಕೆ ಬಿತ್ತು. ಮೂಳೆ ಚೂರಾದ ಕಾಲು ಕೊಳೆತು ಹದಿನೇಳನೆಯ ದಿನ ಅವನು ಸತ್ತ. ಎತ್ತುಗಳು ಆಮೇಲೆ ಸರಗೂರಿನ ಸಂತೆಯಲ್ಲಿ ಬೇರೊಬ್ಬನ ಕೈಯಲ್ಲಿ ಸಿಕ್ಕವು.

ಹೂ ಕೇಳಿದ್ದ ಪೂಜಾರಿ ಶಿವನಂಜಪ್ಪನವರು ಆಮೇಲೆ ಏನು ಮಾಡಿದರೆಂಬುದನ್ನು ನನಗೆ ಬಹಳ ವರ್ಷ ಬಿಟ್ಟು ಹೇಳಿದರು. ದೇವರ ಕ್ಷಮೆ ಬೇಡಿಕೊಂಡು, ಯಾವ ಪ್ರಶ್ನೆಯೂ ಇಲ್ಲದೆ, ನೂರು ಬೆಳಿಗ್ಗೆ ಹೂವಿಟ್ಟು ನೋಡಿದರಂತೆ. ಐವತ್ತಮೂರು ಸಲ ಬಲ, ನಲವತ್ತೇಳು ಸಲ ಎಡ.

“ಸ್ವಾಮಿ ಸುಳ್ಳು ಹೇಳಲ್ಲ ಕಣವ್ವ. ಆದ್ರೆ ಅವ್ನು ಸುಮ್ಕಿದ್ದಾಗ್ಲೂ ಹೂ ಬೀಳ್ತದಲ್ಲ!”

ಒಂದೇ ಸಲ ಹೂ ಕೇಳಿದರೆ ತಪ್ಪು ಮಾಡದವರಲ್ಲೂ ಅರ್ಧ ಜನ ಸಿಕ್ಕಿಬೀಳುತ್ತಾರೆ. ಎರಡು ಸಲ ಕೇಳಿ ಎರಡು ಸಲವೂ ಬಲಕ್ಕೇ ಬೀಳಬೇಕೆಂದರೆ ನಾಲ್ವರಲ್ಲಿ ಒಬ್ಬ. ನಾಲ್ಕಾದರೆ ಹದಿನಾರರಲ್ಲಿ, ಐದಾದರೆ ಮೂವತ್ತೆರಡರಲ್ಲಿ ಒಬ್ಬ. ಹುಣಸೂರಿನ ಕಡೆ ಹೊಗೆಸೊಪ್ಪಿನ ತಳಿ ಪರೀಕ್ಷಿಸುತ್ತಿದ್ದ ಅಧಿಕಾರಿಯೊಬ್ಬರು ಶಿವನಂಜಪ್ಪನವರಿಗೆ ಹೇಳಿದ್ದರು: “ಸುಮ್ಮನೆ ಆಕಸ್ಮಿಕವಾಗಿ ಬಂದದ್ದನ್ನ ತಳಿಯ ನಿಜವಾದ ಗುಣ ಅಂತ ನಂಬೋ ತಪ್ಪು ನೂರಕ್ಕೆ ಐದು ಮೀರಬಾರದು ಅಂತ ಬಿತ್ತೋಕೆ ಮುಂಚೆನೇ ಗೆರೆ ಹಾಕ್ಕೊತೀವಿ. ಫಲ ನೋಡಿದ ಮೇಲೆ ಗೆರೆ ಜರುಗಿಸೋ ಹಾಗಿಲ್ಲ.” ಹದಿನಾರರಲ್ಲಿ ಒಂದು ಎಂದರೆ ನೂರಕ್ಕೆ ಆರರ ಮೇಲೆ, ಆ ಗೆರೆ ದಾಟುತ್ತಿತ್ತು; ಮೂವತ್ತೆರಡರಲ್ಲಿ ಒಂದು ಗೆರೆಯೊಳಗೇ ಇತ್ತು. ಶಿವನಂಜಪ್ಪನವರು ಇನ್ನು ಮುಂದೆ ಐದು ಸಲ ಕೇಳಿ ಐದೂ ಬಲಕ್ಕೆ ಬೀಳಬೇಕೆಂದು ಊರ ಮುಂದೆ ಸಾರಿದರು. ಎಲ್ಲರೂ ಒಪ್ಪಿದರು.

೧೯೫೬ರಲ್ಲಿ ಚಾಮಯ್ಯ ಹೊಗೆಸೊಪ್ಪು ಒಣಗಿಸುತ್ತಿದ್ದ ಬ್ಯಾರನ್ ಹೊತ್ತಿ ಉರಿಯಿತು. ಪಕ್ಕದಲ್ಲಿ ಕಟ್ಟಿದ್ದ ಎರಡು ಎತ್ತುಗಳು ಹಗ್ಗ ಹರಿಯಲಾಗದೆ ಬೆಂದುಹೋದವು. ಚಾಮಯ್ಯ ತನ್ನ ಹಗೆ ನಿಂಗಯ್ಯನನ್ನು ಕೂದಲು ಹಿಡಿದು ಗುಡಿಗೆ ಎಳೆದು ತಂದ. ಅಣ್ಣತಮ್ಮಂದಿರು ಕೊಡಲಿ ಹಿಡಿದು ಸುತ್ತ ನಿಂತರು. ಬಲ, ಬಲ, ಬಲ, ಬಲ. ಐದನೆಯದು ಎಡಕ್ಕೆ ಜಾರಿತು.

“ನಾಲ್ಕು ಸಾಲ್ದಾ ಅಯ್ನೋರೆ? ನಿಮಗೇನು ಕಿವುಡಾ, ದೇವ್ರು ಐದ್ಸಲ ಕೂಗೋಕೆ?” ಎಂದ ಚಾಮಯ್ಯ.

“ಐದು ಅಂದಾಗ ನೀನೂ ಒಪ್ಪಿದ್ದೆ.”

“ನನ್ನೆತ್ತು ಬೇಯೋಕೆ ಮುಂಚೆ ಒಪ್ಪಿದ್ದೆ ಕಣಯ್ಯ!”

ಶಿವನಂಜಪ್ಪನವರು ನಿಂಗಯ್ಯನನ್ನು ಗರ್ಭಗುಡಿಯೊಳಕ್ಕೆ ತಳ್ಳಿ ಬಾಗಿಲಿಗೆ ಅಡ್ಡ ನಿಂತರು. ಕೊಡಲಿಯ ಕಾವು ಅವರ ದವಡೆ ಒಡೆಯಿತು. ಹಲ್ಲುಗಳು ಹೊಸ್ತಿಲ ಮೇಲೆ ಉದುರಿದವು. ಎರಡನೆಯ ಏಟಿಗೆ ಭುಜದ ಮೂಳೆ ಮುರಿಯಿತು. ಅವರು ಕದಲಲಿಲ್ಲ. ದೇವರ ಹೊಸ್ತಿಲಿನ ಮೇಲೆ ಪೂಜಾರಿಯ ನೆತ್ತರು ಹರಿದದ್ದನ್ನು ಕಂಡ ಮೇಲೆ ಕೊಡಲಿಗಳು ಕೆಳಗಿಳಿದವು.

ಮರುವರ್ಷ ನಿಂಗಯ್ಯ ಕೆ.ಆರ್. ನಗರದಲ್ಲಿ ಕುಡಿದು, ಬೆಂಕಿ ಇಟ್ಟವನು ತಾನೇ ಎಂದು ಕೊಚ್ಚಿಕೊಂಡ. ಪೊಲೀಸರು ಹಿಡಿದರು, ಜೈಲಾಯಿತು.

ಚಾಮಯ್ಯ ನೇರ ಗುಡಿಗೆ ಬಂದ. “ಈಗೇನಂತೀರಿ? ಪಾಪಿನ ಬುಟ್ಬುಟ್ರಲ್ಲ! ಇನ್ಮೇಲಾದ್ರೂ ಮೂರು ಮಾಡಿ.”

ಶಿವನಂಜಪ್ಪನವರ ದವಡೆ ಸೊಟ್ಟಗಾಗಿತ್ತು. ಮಾತು ತಡೆದು ತಡೆದು ಬಂತು. “ಐದು ಅಂದಾಗ್ಲೇ ಗೊತ್ತಿತ್ತು ಚಾಮಯ್ಯ, ತಪ್ ಮಾಡ್ದೋರೂ ಕೆಲವ್ರು ತಪ್ಪುಸ್ಕೊತಾರೆ ಅಂತ. ಬುಟ್ಟೋನ್ನ ಮತ್ತೆ ಹಿಡೀಬೋದು. ನಾವ್ ಕೊಂದೋನ್ನ ಮತ್ತೆ ಬದುಕ್ಸೋಕಾಯ್ತದಾ?”

“ಅಂಗಾರೆ ನನ್ನೆತ್ತಿನ ಗತಿ?”

“ಅದು ನನ್ ತಲೆ ಮ್ಯಾಲಿನ ಪಾಪ. ಒತ್ಕೊಂಡಿವ್ನಿ. ಐದೇ.”