ಹದಿನಾಲ್ಕು ಕಿಲೋ ಧಾರಾಳ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ವಿಮಾನ ನಿರ್ವಹಣಾ ಎಂಜಿನಿಯರ್ ಹುದ್ದೆಯಿಂದ ನಿವೃತ್ತನಾಗಿ ರಾಮಮೂರ್ತಿ ನಗರದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಹಲಸೂರಿನ ದೊರೈರಾಜ್ ಫೋನ್ ಮಾಡಿದರು. ಹಾರಾಟ ಕಲಿಸುತ್ತಿದ್ದವರು, ನನಗಿಂತ ಹತ್ತು ವರ್ಷ ಹಿರಿಯರು. ಅವರ ಎರಡು ಸೀಟಿನ ಹಳೆಯ ವಿಮಾನ ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿತ್ತು. ಶೆಡ್ಡಿನ ಮಾಲೀಕರು ಈಗ ಖಾಲಿ ಮಾಡಿ ಎಂದಿದ್ದರು.

"ಅಮೆರಿಕದಿಂದ ಒಬ್ಬ ಕೇಳ್ತಿದಾನೆ ಮೂರ್ತಿ. ಲೈಟ್ ಸ್ಪೋರ್ಟ್ ಆದ್ರೆ ಮಾತ್ರ ತಗೋತಾನಂತೆ. ಇಲ್ಲಾಂದ್ರೆ ಗುಜರಿನೇ ಗತಿ. ನನ್ ಕೈಲಿ ಹಾರಿಸೋಕಾಗಲ್ಲ, ಯಾರಾದ್ರೂ ಹಾರಿಸ್ಲಿ."

ಲೈಟ್ ಸ್ಪೋರ್ಟ್ ಎಂಬುದು ಹಗುರ ವಿಮಾನಗಳ ವರ್ಗ. ಅದನ್ನು ಹಾರಿಸುವ ಪೈಲಟ್‌ಗೆ ಅಲ್ಲಿ ವೈದ್ಯಕೀಯ ಸರ್ಟಿಫಿಕೇಟಿನ ಬದಲು ಕಾರಿನ ಲೈಸೆನ್ಸ್ ಸಾಕಿತ್ತು. ಆಗಿನ ನಿಯಮದಂತೆ ಜನ, ಇಂಧನ ಎಲ್ಲ ಸೇರಿದ ಟೇಕಾಫ್ ತೂಕದ ಮಿತಿ ಸುಮಾರು 600 ಕೆ.ಜಿ. ಹಳೆಯ ವಿಮಾನಗಳೂ ಸಲ್ಲುತ್ತಿದ್ದವು. ದೊರೈರಾಜ್ ಅವರ ವಿಮಾನದ ಮಿತಿ 580. ಕಾಗದ ನೋಡಿದ ಕೂಡಲೇ "ಪಾಸ್ ಸಾರ್!" ಎಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ಮುಂದೆ.

ಖರೀದಿದಾರ ಹಳೆಯ ಲಾಗ್‌ಬುಕ್‌ಗಳ ಪ್ರತಿ ಕೇಳಿದ. ವಿಮಾನಕ್ಕೆ ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಪುಸ್ತಕಗಳವು. ಮೂರನೆಯದರಲ್ಲಿ ಒಂದು ಪುಟ: ಚಕ್ರದ ಕಾಲುಗಳನ್ನು ಗಟ್ಟಿಗೊಳಿಸಿ ತೂಕದ ಮಿತಿಯನ್ನು 610ಕ್ಕೆ ಏರಿಸಲಾಗಿದೆ. ಕೆಳಗೆ ನನ್ನದೇ ಸಹಿ.

ಆಗ ನೆನಪಾಯಿತು. ಅವರ ಹೆಂಡತಿ ವಸಂತಮ್ಮ ಒಮ್ಮೆ ಗಂಡನ ಜೊತೆ ಹಾರಬೇಕೆಂದಿದ್ದರು. ದಪ್ಪನೆಯ ಹೆಂಗಸು. ಇಬ್ಬರೂ ಕೂತು ಟ್ಯಾಂಕ್ ತುಂಬಿಸಿದರೆ 596. ಚೂರು ಧಾರಾಳವಿರಲಿ ಎಂದು 610 ಬರೆದು ಮಂಜೂರು ಮಾಡಿಸಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮುಂದೆ ಆ ಕಾಲುಗಳ ಬದಲು ಹಳೆಯ ಮಾದರಿಯವನ್ನೇ ಹಾಕಿದಾಗ ಮಿತಿ ಮತ್ತೆ 580ಕ್ಕೇ ಇಳಿಯಿತು, ನಾನೂ ಮರೆತೆ. ನಿಯಮ ಮರೆಯುವುದಿಲ್ಲ. ಒಂದೇ ಒಂದು ಸಲ, ಕಾಗದದ ಮೇಲಾದರೂ, ಮಿತಿ ದಾಟಿದ ವಿಮಾನ ಮತ್ತೆಂದೂ ಆ ವರ್ಗಕ್ಕೆ ಸೇರದು.

596 ಅಂತಲೇ ಬರೆದಿದ್ದರೆ ವಿಮಾನ ಉಳಿಯುತ್ತಿತ್ತು. ಪುಟ ಹರಿಯುವ ಯೋಚನೆಯೂ ಬಂತು, ಸುಳ್ಳು ಹೇಳಲಾರೆ. ಆದರೆ ಅದೇ ತಪ್ಪಿಗೆ ಒಬ್ಬನನ್ನು ಕೆಲಸದಿಂದ ತೆಗೆಸಿದ್ದವನು ನಾನು.

ಹಲಸೂರಿಗೆ ಹೋಗಿ ಪುಟ ತೋರಿಸಿದೆ. "ನನ್ನಿಂದಾನೇ ಹೋಯ್ತು ಸಾರ್."

ಅವರು ಕನ್ನಡಕ ಹಾಕಿಕೊಂಡು ತಾರೀಖು ಓದಿದರು. "ಅವತ್ತು ವಸಂತಾ ಹತ್ತಿದ್ಳಲ್ಲ ರೀ. ಅದೊಂದೇ ಸಲ."

ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಖರೀದಿದಾರ ಹಿಂದೆ ಸರಿದ. ಬೇರೆ ಯಾರೂ ಬರಲಿಲ್ಲ. ಶಿವಾಜಿನಗರದ ಗುಜರಿಯವರು ಬಂದು ರೆಕ್ಕೆ ಕೊಯ್ದರು. ದೊರೈರಾಜ್ ವಸಂತಮ್ಮ ಕೂತಿದ್ದ ಬಲಗಡೆಯ ಸೀಟನ್ನು ಮಾತ್ರ ಬಿಚ್ಚಿಸಿಕೊಂಡರು. ಅದೀಗ ಅವರ ವರಾಂಡದಲ್ಲಿದೆ. ನಾನು ಹೋದಾಗೆಲ್ಲ ಅದರ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ.

ಬೇಕಾದದ್ದಕ್ಕಿಂತ ಒಂದು ಕಿಲೋ ಕೂಡ ಹೆಚ್ಚಿಗೆ ಬರೆಯಬಾರದೆಂದು ನನ್ನ ವೃತ್ತಿ ಕಲಿಸಿತು. ಕಲಿತದ್ದು ನಿವೃತ್ತನಾದ ಮೇಲೆ. ಬರೆಯಲು ಈಗ ನನ್ನ ಮುಂದೆ ಯಾವ ಲಾಗ್‌ಬುಕ್ಕೂ ಇಲ್ಲ.