ಚುಂಗು ಹಿಡಿದ ಕೈ

ನಡೆಯುವಾಗ ಅವರ ಎರಡೂ ಕೈಗಳು ಎದೆಯ ಮಟ್ಟಕ್ಕೆ ಏರಿ ಬೀಸುತ್ತಿದ್ದವು. ಮಾಳಮಡ್ಡಿಯ ಇಕ್ಕಟ್ಟು ಓಣಿಯಲ್ಲಿ ಎದುರು ಬಂದವರು ಗೋಡೆಗೆ ಸರಿದು ದಾರಿ ಬಿಡಬೇಕಾಗುತ್ತಿತ್ತು. ನಿವೃತ್ತರಾಗಿ, ಖಾಕಿ ಚಡ್ಡಿ ಬಿಟ್ಟು ಧೋತ್ರ ಉಡತೊಡಗಿದ ಮೇಲೂ ಆ ಬೀಸು ಹೋಗಲಿಲ್ಲ. ನಮ್ಮ ಪಕ್ಕದ ಮನೆಯ ಡ್ರಿಲ್ ಮಾಸ್ತರರನ್ನು ನೆನೆದರೆ ಮುಖಕ್ಕಿಂತ ಮೊದಲು ಆ ಕೈಗಳೇ ನನ್ನ ಕಣ್ಣಿಗೆ ಬರುತ್ತವೆ.

ಐವತ್ತೊಂಬತ್ತನೆಯ ಇಸವಿಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಹುಬ್ಬಳ್ಳಿಯ ಅರಳೆ ಅಂಗಡಿಯೊಂದರಲ್ಲಿ ಕಾರಕೂನರಾಗಿದ್ದವರು, ನಿತ್ಯ ಸ್ಟೇಷನ್ನಿಗೆ ನಡೆದುಹೋಗಿ ಗಾಡಿ ಹಿಡಿಯುತ್ತಿದ್ದವರು. ಮತ್ತೆ ಹಾಗೆ ಹೋಗಬೇಕೆಂಬುದೊಂದೇ ಅವರ ಆಸೆ. ನಾಲ್ಕನೆಯ ತಿಂಗಳಿಗೆ ಅಂಗಳದಲ್ಲಿ ಕಾಲೆಳೆದು ನಡೆದಾಗ ನಾವೆಲ್ಲ ಗೆದ್ದೆವೆಂದುಕೊಂಡೆವು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಮಾಸ್ತರರು ಮಾತ್ರ ನಗಲಿಲ್ಲ.

"ಎಡಗೈಯಾಗ ಧೋತ್ರದ ಚುಂಗು ಯಾಕ ಹಿಡದೀರಿ, ರಾಯರ?"

"ರೂಢಿರಿ," ಅಂದರು ಅಪ್ಪ.

ಧೋತ್ರದ ತುದಿಯ ಚುಂಗು ಹಿಡಿದು ನಡೆಯುವುದು ನಮ್ಮ ಕಡೆಯ ಗಂಡಸರಿಗೆಲ್ಲ ರೂಢಿಯೇ. ಕೈಗೆ ಹಿಡಿತ ಬಂತೆಂದು ನಾವೂ ಖುಷಿಪಟ್ಟಿದ್ದೆವು. ಬಲಗೈಯಿಂದ ಅದನ್ನು ಎಡಗೈಗೆ ತುರುಕಿಕೊಳ್ಳುತ್ತಿದ್ದರೆಂಬುದು ಯಾರಿಗೂ ಹೊಳೆದಿರಲಿಲ್ಲ.

"ಬಿಟ್ಟು ನಡೀರಿ."

ಬಿಟ್ಟರು. ಬಲಗೈ ಬೀಸಿತು. ಎಡಗೈ ಮೊಣಕೈಯಲ್ಲಿ ಮಡಚಿ ಹೊಟ್ಟೆಗೆ ಅಂಟಿಕೊಂಡಿತು. ಅಪ್ಪ ತಲೆ ತಗ್ಗಿಸಿದರು.

"ಕಾಲು ಸುಳ್ಳ ಹೇಳತಾವ, ತಂಗಿ," ಎಂದು ಮಾಸ್ತರರು ನನ್ನ ಕಡೆ ತಿರುಗಿದರು. "ಹೆಂಗರ ಮಾಡಿ ಮುಂದ ಹೋಗತಾವ. ನೀ ಕೈ ನೋಡು. ನೆನಪಿಲ್ಲದಂಗ ಬೀಸಿದ್ರ ಮಾತ್ರ ಖರೇ ಆರಾಮ."

ಅಂದಿನಿಂದ ಮುಂಜಾನೆ ಅಪ್ಪ ತುಳಸಿಕಟ್ಟೆಯಿಂದ ಬಾಗಿಲತನಕ ನಡೆಯುವುದು, ಮಾಸ್ತರರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ತೊಡೆಯಿಂದ ಎಷ್ಟು ಬೊಟ್ಟು ಮುಂದೆ, ಎಷ್ಟು ಹಿಂದೆ ಹೋಯಿತೆಂದು ಕೂಗುವುದು, ಕಾಲೇಜಿಗೆ ಹೊರಟ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ನೋಡುತ್ತಾರೆಂದು ಗೊತ್ತಾದರೆ ಅಪ್ಪ ಭುಜ ಎತ್ತಿ ಕೈಯನ್ನು ಬೇಕಂತಲೇ ಎಸೆಯುತ್ತಿದ್ದರು. ಮಾಸ್ತರರು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮಾವಿನಹಣ್ಣಿನದೋ ಮಳೆಯದೋ ಮಾತು ತೆಗೆದು, ಅಪ್ಪ ಕೈ ಮರೆತ ಗಳಿಗೆಯಲ್ಲಿ ನನಗೆ ಕಣ್ಸನ್ನೆ ಮಾಡುತ್ತಿದ್ದರು: ಈಗ ಬರಿ.

ವರ್ಷಕ್ಕೆ ಬೀಸು ಆರು ಬೊಟ್ಟಿಗೆ ಬಂದು ನಿಂತುಬಿಟ್ಟಿತು. ಅಂಗಡಿಯವರು ಅಷ್ಟರಲ್ಲಿ ಬೇರೆಯವರನ್ನು ಇಟ್ಟುಕೊಂಡಿದ್ದರು. ಆದರೂ ಒಂದು ದಿನ ಅಪ್ಪ ಚುಂಗು ಬಿಟ್ಟು ಸ್ಟೇಷನ್ನಿಗೆ ಒಬ್ಬರೇ ಹೋಗಿ, ಹುಬ್ಬಳ್ಳಿಯ ಗಾಡಿ ಹೊರಡುವುದನ್ನು ನೋಡಿ ಮನೆಗೆ ಬಂದರು.

ಮರುವರ್ಷದ ಮಳೆಗಾಲ. ಸಂತೆಗೆ ಹೊರಟಿದ್ದೆ. ಮುಂದೆ ಮಾಸ್ತರರು. ಬಲಗೈ ಎಂದಿನಂತೆ ಎದೆಮಟ್ಟಕ್ಕೆ ಬೀಸುತ್ತಿತ್ತು. ಎಡಗೈಯಲ್ಲಿ ಧೋತ್ರದ ಚುಂಗು. ಕೆಸರಿಗೆ ಎತ್ತಿ ಹಿಡಿದಿದ್ದಾರೆ ಅಂದುಕೊಂಡೆ. ಕೆಸರು ಮುಗಿದು ಒಣ ರಸ್ತೆ ಬಂತು. ಚುಂಗು ಬಿಡಲಿಲ್ಲ. ನಾನು ಬೇಗ ಬೇಗ ನಡೆದು ಹತ್ತಿರ ಹೋದೆ.

ಹೆಜ್ಜೆಯ ಸಪ್ಪಳಕ್ಕೆ ತಿರುಗಿದರು. ನಾನು ಎಲ್ಲಿ ನೋಡುತ್ತಿದ್ದೇನೆಂದು ಅವರಿಗೆ ಗೊತ್ತಾಯಿತು.

"ಭಾಳ ಕೆಸರ ಆಗೇದ ನೋಡು ತಂಗಿ," ಅಂದರು.

ಬಿಟ್ಟು ನಡೀರಿ ಸರ ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಊರಿಗೆಲ್ಲ ಕವಾಯತು ಕಲಿಸಿದವರಿಗೆ ನಾನು ಹೇಳುವುದೇ?

"ಹೌದ್ರಿ ಸರ," ಅಂದೆ.

ನಾಲ್ಕನೆಯ ದಿನ ಮಾಸ್ತರರು ಬಚ್ಚಲಲ್ಲಿ ಬಿದ್ದರು. ಮಾತು ಹೋಯಿತು. ಹನ್ನೊಂದು ದಿನ ಇದ್ದರು. ಅಪ್ಪ ದಿನವೂ ಹೋಗಿ ಅವರ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದರು. ನಾನು ಹೊಸ್ತಿಲು ದಾಟಲಿಲ್ಲ. ಅವರ ಕಣ್ಣನ್ನು ನೋಡುವ ಧೈರ್ಯ ನನಗಿರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಅಪ್ಪ ಆ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡು ಕೂತರು.

"ವರ್ಷ ಪೂರ್ತಿ ಅವರ ಕೂಡ ಕೂತು ಬರದಿ. ನಿನಗ ಏನೂ ಕಾಣಲಿಲ್ಲೇನವಾ?"

ಸಂತೆಯ ದಿನವೇ ವೈದ್ಯರಿಗೆ ತೋರಿಸಿದ್ದರೂ ಅವರು ಉಳಿಯುತ್ತಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೋಡುವುದನ್ನು ನನಗೆ ಕಲಿಸಿದವರು ಅವರು. ಅವರಿಗೆ ನನ್ನಿಂದ ಒಂದು ಮಾತು ಬರಬೇಕಿತ್ತು.

"ಇಲ್ಲಪ್ಪಾ," ಅಂದೆ.